ಸೋಮವಾರದ ಮನೆ

"ಸೋಮವಾರ ಸಿಕ್ತು! ಸೋಮವಾರ ಸಿಕ್ಕಿಬಿಡ್ತು!"

ಕಾರ್ಯದರ್ಶಿ ಹರಿದಾಸ ಹಾಕಿದ ಕೂಗಿಗೆ ಮೈಲಾಪುರದ ಕಲ್ಯಾಣಮಂಟಪದ ಕಾಗೆಗಳೆಲ್ಲ ಎದ್ದು ಸಮುದ್ರ ದಾಟಿ ಹೋದವು. ಬಾಗಿಲಲ್ಲಿ ಹಿಂಜರಿಯುತ್ತ ನಿಂತಿದ್ದ ಭೀಮಾಬಾಯಿಯನ್ನೂ ಮೊಮ್ಮಗಳು ಜಯಲಕ್ಷ್ಮಿಯನ್ನೂ ಅವನು ಉತ್ಸವಮೂರ್ತಿಗಳಂತೆ ಒಳಗೆ ಕರೆದೊಯ್ದ.

"ಮೂರು ತಿಂಗಳಿಂದ ರಾಯರದು ಒಂದೇ ಪ್ರಶ್ನೆ ಅಮ್ಮ, ಸೋಮವಾರ ಬಂತೇ, ಸೋಮವಾರ ಬಂತೇ ಅಂತ. ಉಳಿದ ಆರು ಮನೆಯೋರು ಸಿಕ್ಕಿದ್ರೂ ಅವರಿಗೆ ಸಮಾಧಾನವಿಲ್ಲ. ನಿಮ್ಮ ಕಾಗದ ಬಂದ ದಿನ ಅವರ ಮುಖ ನೋಡಬೇಕಿತ್ತು!"

ಸಾವಿರದ ಒಂಬೈನೂರ ಅರವತ್ತೊಂದನೇ ಇಸವಿ. ಅಂಥ ಔತಣವನ್ನು ಮದರಾಸು ಅದಕ್ಕೆ ಮುಂಚೆ ಕಂಡಿರಲಿಲ್ಲ. ಇಂದ್ರನೇ ಬಂದಿದ್ದರೂ ಎಲೆ ಸಿಗದೆ ಹಿಂದಿರುಗಬೇಕಿತ್ತು. ಸೌಕಾರ್‌ಪೇಟೆಯ ಕಾಗದದ ವ್ಯಾಪಾರಿ ತಿರುಮಲೇಶರಾಯರ ವಿದ್ಯಾನಿಧಿಗೆ ಹತ್ತು ವರ್ಷ ತುಂಬಿದ ಸಂಭ್ರಮ. ರಾಯರು ವಾರಾನ್ನ ಉಂಡು ಓದಿದವರು, ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಆ ಮನೆಗಳನ್ನೆಲ್ಲ ಹುಡುಕಿಸಿ, ಛತ್ರದಲ್ಲಿ ಏಳು ವಾರಕ್ಕೆ ಏಳು ಸಾಲು ಎಲೆ ಹಾಕಿಸಿದ್ದರು. ಯಾವ ಸಾಲಿನಲ್ಲಿ ಯಾವ ಮನೆಯವರೋ ಆ ಮನೆಯ ಅಡುಗೆಯೇ. ಊಟಕ್ಕೆ ಮೊದಲು ಮನೆಗೊಂದು ಮಗುವಿಗೆ ವಿದ್ಯಾರ್ಥಿವೇತನ.

ಭೀಮಾಬಾಯಿಗೆ ಬೇಕಾಗಿದ್ದು ಅದೊಂದೇ. ತಂದೆಯಿಲ್ಲದ ಜಯಲಕ್ಷ್ಮಿಗೆ ಮೆಡಿಕಲ್ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಹತ್ತು ದಿನದೊಳಗೆ ಫೀಸು ಕಟ್ಟದಿದ್ದರೆ ಸೀಟು ಹೋಯಿತು. ಬಳೆ ಆಗಲೇ ಹೋಗಿತ್ತು, ಸರ ಹೋಗಿತ್ತು, ಮನೆಯಲ್ಲಿ ಮಾರಲು ಉಳಿದದ್ದು ಗೋಡೆಯ ಗಡಿಯಾರ ಮಾತ್ರ, ಅದೂ ನಿಂತಿತ್ತು.

ವಾರಾನ್ನದ ಆ ಹುಡುಗ ಭೀಮಾಬಾಯಿಗೆ ನಿನ್ನೆ ಕಂಡಷ್ಟು ನೆನಪು: ಜಗಲಿಯ ಮೇಲೆ ನಿಂತ ಕಡ್ಡಿಯಂಥ ಮೈ, ಕೈಯಲ್ಲಿ ಹಿತ್ತಾಳೆ ಚೊಂಬು, ಒದ್ದೆ ಜುಟ್ಟು. ಆದರೆ ಅವನಿಗೆ? ಮೂವತ್ತು ವರ್ಷದ ಮೇಲೆ ಅವನಿಗೆ ನೆನಪಿರುತ್ತದೆಯೇ?

ಅಷ್ಟರಲ್ಲಿ ಅಡುಗೆ ವಹಿಸಿಕೊಂಡಿದ್ದ ಹೋಟೆಲಿನ ಕಿಟ್ಟಣ್ಣ ಸೌಟು ಹಿಡಿದೇ ಓಡಿ ಬಂದ.

"ಅಮ್ಮ, ಮಂಗಳವಾರಕ್ಕೆ ಹಾಗಲಕಾಯಿ ಗೊಜ್ಜು, ಗುರುವಾರಕ್ಕೆ ಹಯಗ್ರೀವ ಅಂತ ರಾಯರು ಉಪ್ಪು ಖಾರ ಸಮೇತ ಬರೆಸಿದ್ದಾರೆ. ಸೋಮವಾರದ್ದು ಕೇಳಿದ್ರೆ ನಗಾಡ್ತಾರೆ ಮಾರಾಯ್ರೆ! ನೀವೇ ಹೇಳಿ, ಎಂತ ಬಡಿಸ್ತಿದ್ರಿ?"

"ಎಲ್ಲರ ಮನೇಲೂ ಮಾಡೋದೇನಪ್ಪ. ಅನ್ನ, ಸಾರು…"

"ಇಷ್ಟೇಯಾ?" ಎಂದು ಕಿಟ್ಟಣ್ಣ ತಲೆ ಕೆರೆದುಕೊಂಡು ಹೋದ.

ತಿರುಮಲೇಶರಾಯರು ಬಂದರು. ಆನೆ ನಡೆದು ಬಂದ ಹಾಗೆ. ಜರಿ ಶಲ್ಯದ ಹೊಳಪಿಗೆ ಛತ್ರದ ದೀಪಗಳೆಲ್ಲ ನಾಚಿದವು. ಭೀಮಾಬಾಯಿಯ ಎದುರು ನಿಂತು ಒಂದು ಯುಗದಷ್ಟು ಹೊತ್ತು ನೋಡಿದರು.

"ಭೀಮಕ್ಕ. ತಿರುವಲ್ಲಿಕ್ಕೇಣಿ, ಕೊಳದ ಹಿಂದಿನ ಓಣಿ."

ಅವಳು ತಲೆಯಾಡಿಸಿದಳು. "ಹೌದಪ್ಪ… ನೆನಪಿದೆಯೇ?"

"ಮರೆಯೋದುಂಟೇ? ಕುಂಭಕೋಣದ ನಿಮ್ಮ ಮಾವನವರ ತಮ್ಮ ಹೇಗಿದ್ದಾರೆ? ಶ್ರೀರಂಗದ ಸೋದರತ್ತೆ? ಆರ್ಕಾಟಿನ ಭಾವ?"

"ಅಬ್ಬಬ್ಬ, ಏನು ಜ್ಞಾಪಕಶಕ್ತಿ!" ಎಂದು ಹರಿದಾಸ ಸುತ್ತಲಿನ ನೂರು ಜನಕ್ಕೆ ಕೇಳುವಂತೆ ಉದ್ಗರಿಸಿದ.

ಭೀಮಾಬಾಯಿ ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ಕುಂಭಕೋಣದ ಚಿಕ್ಕಮಾವ ಹೋದ ವರ್ಷ ತೀರಿಕೊಂಡರು. ಉಳಿದೋರು… ಇದ್ದಾರಪ್ಪ."

"ಹೋದ ವರ್ಷವೇ? ಇನ್ನಿಬ್ಬರು ಇದ್ದಾರೆಯೇ?" ರಾಯರು ಕೈಮುಗಿದರು. "ಸಂತೋಷ. ಬಹಳ ಸಂತೋಷ."

ಅವರು ಅತ್ತ ಹೋದ ಮೇಲೆ ಜಯಲಕ್ಷ್ಮಿ ಅಜ್ಜಿಯ ಕೈ ಹಿಡಿದು ತನ್ನ ತಮಿಳು ಬೆರೆತ ಕನ್ನಡದಲ್ಲಿ ಹೇಳಿದಳು. "ನೋಡು ಅಜ್ಜಿ, ಎಷ್ಟು ಮರ್ಯಾದೆ! ನೀ ಚುಮ್ಮಾ ಭಯಪಟ್ಟೆ."

"ಸುಮ್ನೆ ಕೂತ್ಕೊಳ್ಳೇ," ಎಂದಳು ಭೀಮಾಬಾಯಿ. ಅವಳಿಗೆ ಬೆವರು ನಿಂತಿರಲಿಲ್ಲ.

ರಾಯರು ಮೈಕಿನ ಮುಂದೆ ನಿಂತರು. ಆರುನೂರು ಜನ ಕೆಮ್ಮುವುದನ್ನೂ ಮರೆತರು.

"ನಮ್ಮ ನಿಧಿಯ ನಿಯಮ ಒಂದೇ. ಎಷ್ಟು ವರ್ಷ ಅನ್ನವೋ ಅಷ್ಟು ವರ್ಷ ಫೀಸು. ಭಾನುವಾರದ ಮನೆಯವರು ನನಗೆ ನಾಲ್ಕು ವರ್ಷ ಹಾಕಿದರು. ಅವರ ಮೊಮ್ಮಗನಿಗೆ ನಾಲ್ಕು ವರ್ಷ. ಶುಕ್ರವಾರದವರು ಎರಡು ವರ್ಷ ಹಾಕಿದ ಮೇಲೆ ವರ್ಗವಾಗಿ ಹೋದರು. ಅವರ ಮಗಳಿಗೆ ಎರಡು ವರ್ಷ."

ಒಂದೊಂದೇ ಮನೆ ಮುಗಿಯಿತು. ಕೊನೆಗೆ ರಾಯರು ಭೀಮಾಬಾಯಿಯ ಕಡೆ ತಿರುಗಿದರು.

"ಇನ್ನು ಸೋಮವಾರ. ಉಳಿದ ಆರು ಮನೆಗಳು ನನ್ನ ಹೊಟ್ಟೆ ತುಂಬಿಸಿದವು. ಛಲ ತುಂಬಿಸಿದ್ದು ಈ ಅಮ್ಮನ ಮನೆ. ಓದಿದ ನಾಲ್ಕು ವರ್ಷದಲ್ಲಿ ಇವರನ್ನು ನೆನೆಯದೆ ನಾನು ಮಲಗಿದ ಸೋಮವಾರವೇ ಇಲ್ಲ. ಇವರು ನನಗೆ ಎಷ್ಟು ಬಡಿಸಿದರೋ ಅಷ್ಟನ್ನೂ, ಒಂದು ಅಗುಳು ಹೆಚ್ಚಿಲ್ಲದೆ, ಒಂದು ಅಗುಳು ಕಡಿಮೆಯಿಲ್ಲದೆ, ಇವರ ಮೊಮ್ಮಗಳಿಗೆ ಈ ಸಭೆಯ ಎದುರೇ ಸಲ್ಲಿಸುತ್ತಿದ್ದೇನೆ."

ಚಪ್ಪಾಳೆಗೆ ಛತ್ರದ ಹೆಂಚುಗಳು ಕುಣಿದವು. ಬಂದರಿನ ಹಡಗುಗಳು ಗುಡುಗೆಂದುಕೊಂಡು ಲಂಗರು ಬಿಗಿದವು. ಎದುರು ಸಾಲಿನ ಹೆಂಗಸರು ಕಣ್ಣೊರೆಸಿಕೊಂಡರು. ಜಯಲಕ್ಷ್ಮಿ ಓಡಿ ಹೋಗಿ ರಾಯರ ಕಾಲಿಗೆ ಬಿದ್ದಳು. ಅವರು ಅವಳ ತಲೆಯ ಮೇಲೆ ಕೈಯಿಟ್ಟು ಮುಖ ಅತ್ತ ತಿರುಗಿಸಿಕೊಂಡರು.

ಹುಡುಗಿ ಕುಣಿಯುತ್ತ ಹಿಂದಿರುಗಿದಳು. "ಪೂರಾ ಕೊಡ್ತಾರಂತೆ ಅಜ್ಜಿ! ನೀ ಎಷ್ಟು ವರ್ಷ ಬಡಿಸಿದ್ದೆ? ಸೊಲ್ಲು ಅಜ್ಜಿ, ಎಷ್ಟು ವರ್ಷ?"

ಭೀಮಾಬಾಯಿ ಮೂವತ್ತು ವರ್ಷದ ಹಿಂದೆ ಸಾಲಾಗಿ ಮೊದಲ ಮೂರು ಸೋಮವಾರವೂ, ವಾರಕ್ಕೊಬ್ಬರಂತೆ ಆ ಮೂವರು ನೆಂಟರನ್ನು ಬಾಯಲ್ಲೇ ಸಾಯಿಸಿ, "ಮನೇಲಿ ಸೂತಕ, ಮುಂದಿನ ವಾರ ಬಾ" ಎಂದು ಆ ಹುಡುಗನನ್ನು ಒಂದು ಅಗುಳೂ ಬಡಿಸದೆ ಹಸಿದ ಹೊಟ್ಟೆಯಲ್ಲೇ ಕಳಿಸಿದ್ದಳು. ನಾಲ್ಕನೆಯ ಸೋಮವಾರ ಅವನು ಬರಲಿಲ್ಲ.