ನಾನೂರು ಗ್ರಾಂ ಸೊನ್ನೆ

ಪರದೆಯ ಮೇಲೆ ಅಕ್ಕ ಕಪಾಟು ತೆರೆದಳು. ಅತ್ತಿತ್ತ ನೋಡಿದಳು. ಚೀಲದಿಂದ ಒಂದು ಚಮಚ ತೆಗೆದು, ಬಿಳಿಪುಡಿಯ ಜಾಡಿಯ ಮುಚ್ಚಳ ತಿರುಗಿಸಿ, ಕ್ಯಾಮೆರಾಕ್ಕೆ ಬೆನ್ನು ಹಾಕಿ ಬಗ್ಗಿದಳು. ಅಲ್ಲಿಗೆ ಚಿತ್ರ ನಿಂತಿತು.

"ನೋಡಿದ್ರಲ್ಲ ಸರ್? ಇನ್ನೇನು ಸಾಕ್ಷಿ ಬೇಕು?" ಎಂದ ಭೂತಗನ್ನಡಿ.

ಭೂತಗನ್ನಡಿ ಎಂದರೆ ಪ್ರಯೋಗಾಲಯದ ಕಿರಿಯ ವಿಜ್ಞಾನಿ. ಎಲ್ಲದರಲ್ಲೂ ಮೂಗು ತೂರಿಸುವ ಅವನಿಗೆ ಆ ಹೆಸರಿಟ್ಟವರು ಯಾರೋ ಪುಣ್ಯಾತ್ಮರು. ಕಪಾಟಿನ ಎದುರು ಕ್ಯಾಮೆರಾ ಸಿಕ್ಕಿಸಿದವನೂ ಅವನೇ. ಮೇಜಿನ ಆಚೆ ನಿರ್ದೇಶಕರು ಕುಳಿತಿದ್ದರು. ಮೂಲೆಯಲ್ಲಿ ಅಕ್ಕ ನಿಂತಿದ್ದಳು; ಎಲ್ಲರೂ ಅವಳನ್ನು ಕರೆಯುವುದೇ ಹಾಗೆ. ಇಪ್ಪತ್ತೆರಡು ವರ್ಷ ಅಟೆಂಡರಾಗಿ ದುಡಿದವಳು, ಇನ್ನೆರಡು ತಿಂಗಳಿಗೆ ನಿವೃತ್ತಿ. ಇವತ್ತು ತಪ್ಪು ಸಾಬೀತಾದರೆ ಕಳ್ಳಿ ಎನ್ನಿಸಿಕೊಂಡು ಗೇಟು ದಾಟಬೇಕು.

ಅವಳ ಪಕ್ಕದಲ್ಲಿ, ಬೇಕೆಂದೇ ಅವಳ ಪಕ್ಕದಲ್ಲಿ, ಸೊನ್ನೆ ಮೇಷ್ಟ್ರು ಕುಳಿತಿದ್ದರು.

ಮೇಷ್ಟ್ರು ಭೂರಸಾಯನ ವಿಜ್ಞಾನಿ. ಕಲ್ಲು, ಅದಿರುಗಳೊಳಗೆ ಒಂದೇ ಧಾತುವಿನ ಹಗುರ ಪರಮಾಣು ಎಷ್ಟು, ಭಾರದ ಪರಮಾಣು ಎಷ್ಟು ಎಂದು ಲೆಕ್ಕ ಹಾಕುವುದರಲ್ಲೇ ತಲೆಗೂದಲು ನರೆತಿತ್ತು. ಆ ಲೆಕ್ಕಕ್ಕೆಲ್ಲ ಬುಡ ಆ ಜಾಡಿ. ಅದರೊಳಗಿನ ಅಮೃತಶಿಲೆಯ ಪುಡಿಯೇ ಅವರ ಸೊನ್ನೆ. ಬೆಳಿಗ್ಗೆ ಕ್ಯಾಂಟೀನಿನಲ್ಲಿ ಎರಡು ಮೊಟ್ಟೆಯ ಆಮ್ಲೆಟ್ ಮುಗಿಸಿ ಬಂದು, ಯಂತ್ರಕ್ಕೆ ಮೊದಲು ಆ ಪುಡಿಯ ಒಂದು ಚಿಟಿಕೆ ಕೊಡುತ್ತಿದ್ದರು. ಆಮೇಲೆ ಗಣಿಯ ಕಲ್ಲಿನ ಪುಡಿ. ಎರಡರ ನಡುವಿನ ವ್ಯತ್ಯಾಸವೇ ಫಲಿತಾಂಶ. ಕೆಲಸಕ್ಕೆ ಸೇರಿದ ವರ್ಷ ಒಮ್ಮೆ ಜಾಡಿಯನ್ನು ಪರೀಕ್ಷಿಸಿದ್ದರು, ಅಷ್ಟೆ. ಮತ್ತೆ ಪರೀಕ್ಷಿಸೋಣವೇ ಎಂದು ಭೂತಗನ್ನಡಿ ಒಮ್ಮೆ ಕೇಳಿದ್ದಕ್ಕೆ, ಸೊನ್ನೆ ಯಾವತ್ತಿದ್ರೂ ಸೊನ್ನೆಯೇ ಕಣಯ್ಯ ಎಂದು ಗದರಿ ಕಳಿಸಿದ್ದರು.

ಅದೇ ಜಾಡಿಯಿಂದ ಅವರ ಕೀರ್ತಿಯೂ ಹುಟ್ಟಿತ್ತು. ಸೀಸದ ಗಣಿಯ ಬೆಟ್ಟದಿಂದ ವರ್ಷ ವರ್ಷವೂ ಅದೇ ಪದರದ ಸುಣ್ಣದ ಹರಳು ತಂದು ಅಳೆಯುತ್ತಿದ್ದರು. ಹರಳಿನೊಳಗಿನ ಇಂಗಾಲ ವರ್ಷದಿಂದ ವರ್ಷಕ್ಕೆ ಕೂದಲೆಳೆಯಷ್ಟು ಭಾರವಾಗುತ್ತಿತ್ತು. ಕೋಟಿ ವರ್ಷ ಅಲುಗದ ಕಲ್ಲು ಹೀಗೆ ಬದಲಾಗುವುದುಂಟೆ? ಉಂಟು ಎಂದರು ಮೇಷ್ಟ್ರು. ಬೆಟ್ಟ ಹಗುರ ಇಂಗಾಲವನ್ನು ಹೊರಬಿಟ್ಟು ಭಾರದ್ದನ್ನು ಉಳಿಸಿಕೊಳ್ಳುತ್ತಿದೆ, ಅಂದರೆ ಉಸಿರಾಡುತ್ತಿದೆ. ಜಗತ್ತು ಮೊದಲು ನಕ್ಕಿತು, ಆಮೇಲೆ ಚಪ್ಪಾಳೆ ತಟ್ಟಿತು. ಗಣಿಯವರು ಸಿಡಿಮದ್ದು ನಿಲ್ಲಿಸಿ, ಬಾಗಿಲಿಗೆ 'ಸದ್ದು ಮಾಡಬೇಡಿ' ಎಂದು ಫಲಕ ತೂಗುಹಾಕಿದರು. ಕೆಲಸಗಾರರು ತುದಿಗಾಲಲ್ಲಿ ಓಡಾಡತೊಡಗಿದರು. ಬರುವ ವರ್ಷದಿಂದ ಉಸಿರಾಡುವ ಬೆಟ್ಟ ಪಠ್ಯಪುಸ್ತಕಕ್ಕೂ ಬರಲಿತ್ತು.

ಬೆಟ್ಟ ಉಸಿರಾಡತೊಡಗಿದ್ದು ಅಕ್ಕ ಕೆಲಸಕ್ಕೆ ಬಂದ ವರ್ಷವೇ. ಎಲ್ಲಾ ನಿಮ್ಮ ಕಾಲ್ಗುಣ ಎಂದು ಮೇಷ್ಟ್ರು ಅವಳನ್ನು ರೇಗಿಸುತ್ತಿದ್ದರು.

ಭೂತಗನ್ನಡಿ ಬೆರಳು ಮಡಚುತ್ತ ಆರೋಪ ಒಪ್ಪಿಸಿದ. ಐದು ಗಂಟೆಯ ಮೇಲೆ ಎಲ್ಲರೂ ಹೋದ ನಂತರ ಒಳಗಿನ ಕೋಣೆಯಲ್ಲಿ ಕುಟ್ಟುವ ಸದ್ದು ಬರುತ್ತದೆ. ಕ್ಯಾಂಟೀನಿನ ಅಡುಗೆಯವನಿಗೂ ಅಕ್ಕನಿಗೂ ನಡುವೆ ವಾರಕ್ಕೊಂದು ಪೊಟ್ಟಣ ಕೈ ಬದಲಾಗುತ್ತದೆ. ಈಗ ಕ್ಯಾಮೆರಾದಲ್ಲಿ ಚಮಚವೂ ಸಿಕ್ಕಿದೆ. ಪುಡಿ ಇಲ್ಲಿಂದ ಅಡುಗೆಯವನ ಕೈಗೆ, ಅಲ್ಲಿಂದ ಇನ್ಯಾವುದೋ ಪ್ರಯೋಗಾಲಯಕ್ಕೆ ಹೋಗುತ್ತಿದೆ, ಇದು ಹಗಲುದರೋಡೆ ಎಂದ.

ನಿರ್ದೇಶಕರು ಅಕ್ಕನತ್ತ ನೋಡಿದರು. ಅಕ್ಕ ನೆಲ ನೋಡಿದಳು.

ಮೇಷ್ಟ್ರು ಎದ್ದರು. ಕಂಕುಳಲ್ಲಿದ್ದ ದಪ್ಪ ಪುಸ್ತಕವನ್ನು ಮೇಜಿನ ಮೇಲೆ ಧೊಪ್ಪನೆ ಹಾಕಿದರು. ದಿನವೂ ಬೆಳಿಗ್ಗೆ ಬಂದ ಕೂಡಲೇ ಅವರು ಜಾಡಿ ತೂಗಿ ಬರೆದಿಟ್ಟ ಪುಸ್ತಕ ಅದು. ಮೊದಲ ಹಾಳೆಗಳನ್ನು ತೋರಿಸಿದರು. ಅಕ್ಕನಿಗಿಂತ ಮುಂಚೆ ಇದ್ದವನ ಕಾಲದಲ್ಲಿ ತೂಕ ದಿನವೂ ಚೂರು ಚೂರೇ ಇಳಿದಿತ್ತು. ಅಂಥ ಕಳ್ಳ ಅವನು. ಮೂರೇ ತಿಂಗಳಿಗೆ ಮನೆಗೆ ಅಟ್ಟಿದ್ದರು.

"ಇವರು ಬಂದ ಮೇಲೆ ನೋಡಿ ಸರ್," ಎಂದು ಸಾಲು ಸಾಲಿಗೂ ಬೆರಳಿಟ್ಟರು. "ನಾನೂರು ಗ್ರಾಂ. ನಾನೂರು ಗ್ರಾಂ. ಇಪ್ಪತ್ತೆರಡು ವರ್ಷ, ದಿನಾ ನಾನೂರು ಗ್ರಾಂ. ಒಂದು ಕಾಳು ಕಮ್ಮಿ ಆಗಿಲ್ಲ. ಇಂಥ ಹೆಂಗಸನ್ನ ಕಳ್ಳಿ ಅಂತೀರಾ?"

ನಿರ್ದೇಶಕರು ಹಾಳೆ ತಿರುವಿದರು. ಎಲ್ಲಿ ತೆರೆದರೂ ನಾನೂರು. ಭೂತಗನ್ನಡಿ ಬಗ್ಗಿ ಬಗ್ಗಿ ನೋಡಿ, ಪೆಚ್ಚುಮೋರೆ ಹಾಕಿಕೊಂಡು ಕೂತ. ಅಕ್ಕನ ಕ್ಷಮೆ ಕೇಳು ಎಂದರು ನಿರ್ದೇಶಕರು. ಕೇಳಿದ. ವಿಚಾರಣೆ ಅಲ್ಲಿಗೆ ಮುಗಿಯಿತು.

ಮೊಗಸಾಲೆಗೆ ಬಂದಾಗ ಅಕ್ಕ ಕಣ್ಣೊರೆಸಿಕೊಳ್ಳುತ್ತಿದ್ದಳು. ಮೇಷ್ಟ್ರು ಪುಸ್ತಕವನ್ನು ಮತ್ತೆ ಕಂಕುಳಿಗೆ ಸೇರಿಸಿದರು. ತಮ್ಮ ಬದುಕಿನಲ್ಲಿ ಬೆಟ್ಟದ ಉಸಿರು ಕಂಡುಹಿಡಿದದ್ದು ಒಂದಾದರೆ, ಇವತ್ತು ಮಾಡಿದ್ದು ಇನ್ನೊಂದು ಒಳ್ಳೆಯ ಕೆಲಸ ಅನ್ನಿಸಿತು. ಮಾತು ಹಗುರಾಗಲೆಂದು, ಕದಿಯೋಕಲ್ಲ ಅಂದಮೇಲೆ ಆ ಚಮಚ ಯಾಕಕ್ಕ ಎಂದು ನಗುತ್ತಲೇ ಕೇಳಿದರು.

ಅಕ್ಕನಿಗೆ ಆಶ್ಚರ್ಯವಾಯಿತು. ಇವರಿಗೆ ಗೊತ್ತಿಲ್ಲವೇ?

"ಜಾಡಿ ಒಂದು ಚೂರು ಇಳಿದ್ರೂ ಮನೆಗೆ ಅಂತ ಬಂದ ದಿನಾನೇ ಹೇಳಿದ್ರಲ್ಲ ಸರ್. ನೀವೇ ದಿನಾ ಬೆಳಿಗ್ಗೆ ಒಂದು ಚಿಟಿಕೆ ತೆಗೀತೀರಿ, ಅದಕ್ಕೆ ನಾನು ಸಂಜೆ ಅಷ್ಟೇ ತೂಗಿ ಹಾಕಿಡ್ತೀನಿ... ತೊಳೆದು, ಒಣಗಿಸಿ, ನುಣ್ಣಗೆ ಕುಟ್ಟಿ, ನಿಮ್ಮ ಆಮ್ಲೆಟ್ಟಿನ ಮೊಟ್ಟೆ ಚಿಪ್ಪು."