ಅಜ್ಜ ಮೆಚ್ಚಿದ ಲೇಖನ

ಹೊಸ ಪತ್ರಿಕೆ ಬಿಡಿಸಿದಾಗಿನ ಶಾಯಿಯ ವಾಸನೆಗೆ ಇಂದಿಗೂ ರಬಕವಿಯ ಆ ಮಧ್ಯಾಹ್ನ ನೆನಪಾಗುತ್ತದೆ.

ಕರೆಂಟು ಹೋಗಿ ಓಣಿಯ ಮಗ್ಗಗಳೆಲ್ಲ ನಿಂತಿದ್ದವು. ಅಜ್ಜನ ಕಣ್ಣು ಮಂಜಾಗಿದ್ದರಿಂದ ದಿನಾಲೂ ನಾನೇ ಪತ್ರಿಕೆ ಓದಿ ಹೇಳುತ್ತಿದ್ದೆ. ಆಗಷ್ಟೇ ಪಿಯುಸಿ ಪಾಸಾಗಿದ್ದ ಅಕ್ಕ ಅಂದು ಒಂದು ಲೇಖನ ತೋರಿಸಿ, "ಇದನ್ನ ಓದು" ಎಂದು ಬಾಗಿಲ ಹಿಂದೆ ಹೋಗಿ ನಿಂತಳು. ಹೆಣ್ಣುಮಕ್ಕಳ ಓದು ಬಿಡಿಸಿ ಮದುವೆ ಮಾಡಬಾರದೆಂದು ಯಾರೋ ಬರೆದಿದ್ದರು.

ಅಜ್ಜ ಕಣ್ಣು ಮುಚ್ಚಿ ಕೇಳಿದ. ಕೊನೆಯ ಭಾಗವನ್ನು ಎರಡು ಸಲ ಓದಿಸಿದ.

"ಭಾಳ ಛಲೋ ಬರದಾನ. ಒಂದ ಮಾತಿಗೂ ಎದುರ ಹೇಳಾಕ ಬರೂದಿಲ್ಲ."

"ಹಂಗಾದ್ರ ಅಕ್ಕನ್ನ ಕಾಲೇಜಿಗೆ ಕಳಸ್ತಿಯೇನ ಅಜ್ಜಾ?"

ಅಜ್ಜ ನನ್ನ ಕೈಯಿಂದ ಪತ್ರಿಕೆ ತೆಗೆದುಕೊಂಡು ಮಡಿಚಿದ.

"ಬೀಳಗಿ ಬೀಗರಿಗೆ ಮಾತ ಕೊಟ್ಟಾಗೇತಿ, ಯವ್ವಾ. ಬರದಾಂವ ಬರದು ಸುಮ್ನಾಗ್ತಾನ. ನಾ ಇದ ಓಣ್ಯಾಗ ಇರಬೇಕಲ್ಲ."

ಬಾಗಿಲ ಹಿಂದಿನಿಂದ ಅಕ್ಕನ ಬಳೆಯ ಸದ್ದು ಒಳಮನೆಯತ್ತ ಸರಿಯಿತು.

ಅಕ್ಕ ಗಂಡನ ಮನೆಗೆ ಹೋದ ಮೇಲೆ ಅಜ್ಜ, "ಆ ಲೇಖನ ಬರೂ ಪುಟ ಒಂದ ಬಿಡು, ಉಳದದ್ದು ಓದು" ಎನ್ನತೊಡಗಿದ. ಅವನು ಮಲಗಿದ ಮೇಲೆ ನಾನೊಬ್ಬಳೇ ಕಟ್ಟೆಯ ಮೇಲೆ ಕುಳಿತು, ಆ ಪುಟವನ್ನು ನನಗಷ್ಟೇ ಕೇಳುವಂತೆ ಓದಿಕೊಳ್ಳುತ್ತಿದ್ದೆ.