ಕಡಲಭೂತದ ಹೊಟ್ಟೆ

"ಮೊದಲು ಹೊಟ್ಟೆ ಬಗೀರಿ," ಎಂದಳು ಮುದುಕಿ. "ನನ್ನ ಮಗ ಅದರೊಳಗಿದ್ದಾನೆ."

ಮ್ಯೂಸಿಯಂನಿಂದ ಬಂದಿದ್ದ ತಜ್ಞೆ ಮೂಗಿಗೆ ಕಟ್ಟಿದ್ದ ಬಟ್ಟೆಯನ್ನು ಬಿಗಿ ಮಾಡಿಕೊಂಡಳು. ಮರಳಿನ ಮೇಲೆ ಕೊಳೆತು ಬಿದ್ದಿದ್ದ ಪ್ರಾಣಿ ಎರಡು ದೋಣಿಗಳಷ್ಟು ಉದ್ದವಿತ್ತು. ಪುಟ್ಟ ತಲೆ, ಉದ್ದ ಕುತ್ತಿಗೆ, ಬೆನ್ನಿನ ಮೇಲೆ ಜಡೆ ಬಿಚ್ಚಿದಂತೆ ನಾರು. ಕಡಲಭೂತ ಸತ್ತಿದೆ ಎಂದು ಇಡೀ ಊರು ಬಂದು ನಿಂತಿತ್ತು.

ಮುದುಕಿಯ ಸೊಸೆ ಎಲ್ಲರ ಹಿಂದೆ ನಿಂತಿದ್ದಳು. ಬಲೆ ರಿಪೇರಿಯ ಶೆಡ್ಡಿನಿಂದ ಓಡಿ ಬಂದವಳು, ಕೈಯಲ್ಲಿ ಇನ್ನೂ ನೂಲಿನ ಉಂಡೆಯಿತ್ತು. ಆರು ವರ್ಷದ ಹಿಂದೆ ಗಂಡನ ದೋಣಿ ದಡಕ್ಕೆ ಬಂತು, ಗಂಡ ಬರಲಿಲ್ಲ. ಭೂತ ನುಂಗಿತು ಎಂದರು ಜನ. ನುಂಗಿದ್ದನ್ನು ಅದು ಒಂದಲ್ಲ ಒಂದು ದಿನ ಉಗುಳುತ್ತದೆ, ಜೀವಂತವಾಗಿ ಉಗುಳಿದರೂ ಉಗುಳೀತು ಎಂದೂ ಅಂದರು. ಅವಳನ್ನು ಕಟ್ಟಿಹಾಕಿದ್ದು ಈ ಎರಡನೆಯ ಮಾತು. ಐಸ್ ಫ್ಯಾಕ್ಟರಿಯ ಮೆಕ್ಯಾನಿಕ್ ಎರಡು ವರ್ಷದಿಂದ ಮದುವೆಗೆ ಕೇಳುತ್ತಿದ್ದ. ಅವಳಿಗೂ ಅವನೆಂದರೆ ಇಷ್ಟ. ಆದರೂ ಉತ್ತರ ಮಾತ್ರ ಬದಲಾಗಿರಲಿಲ್ಲ. "ಅವರು ಇದ್ದಾರೋ ಇಲ್ಲವೋ ಗೊತ್ತಾಗಲಿ. ಹಾದಿ ತಪ್ಪಿ ಎಲ್ಲೋ ಕಷ್ಟಪಡ್ತಿದ್ರೆ? ಉಪವಾಸ ಬಿದ್ದಿದ್ರೆ? ಅಂಥೋರನ್ನ ಬಿಟ್ಟು ನಾನು ಹೇಗೆ ಸುಖವಾಗಿರಲಿ?"

ಮೆಕ್ಯಾನಿಕ್ ಮನೆಯ ಮುಂದೆ ಹಾದುಹೋದಾಗಲೆಲ್ಲ ಮುದುಕಿ ಮುಖ ಸಿಂಡರಿಸಿ ಒಳಗೆ ಹೋಗುತ್ತಿದ್ದಳು. ಸೊಸೆಯ ಕೈಯಡುಗೆ ತಪ್ಪಿಹೋದೀತೆಂಬ ಭಯ ಎಂದು ಊರಿನವರು ಆಡಿಕೊಳ್ಳುತ್ತಿದ್ದರು.

"ಇದು ಭೂತ ಅಲ್ಲ," ಎಂದಳು ತಜ್ಞೆ. "ಶಾರ್ಕ್. ಕೊಳೆಯುವಾಗ ದವಡೆ ಕಳಚಿ ಬೀಳುತ್ತೆ, ಉಳಿದಿದ್ದು ಕುತ್ತಿಗೆ ಥರ ಕಾಣುತ್ತೆ. ಎಲ್ಲ ಕಡೆ ಇದೇ ಕಥೆ. ದೊಡ್ಡ ಸ್ಕ್ವಿಡ್ಡಿನ ತೋಳು ಕಂಡವರು ಹಡಗು ಮುಳುಗಿಸೋ ರಾಕ್ಷಸ ಅಂದ್ರು. ಕಡಲ ಹಸು ಕಂಡವರು ಮತ್ಸ್ಯಕನ್ಯೆ ಅಂದ್ರು."

"ಹಸುನ ಕನ್ಯೆ ಅಂದೋನು ಮನೆ ಬಿಟ್ಟು ಎಷ್ಟು ಕಾಲ ಆಗಿತ್ತೋ!" ಎಂದ ಕ್ಷೌರದಂಗಡಿಯವನು. ಗಂಡಸರೆಲ್ಲ ನಕ್ಕರು.

"ನಿಮ್ಮ ಭೂತದ ಕಥೆ ಮೊದಲು ಹೇಳಿದ್ದು ಯಾರು?"

ಕ್ಷೌರದವನು ಚಹಾದಂಗಡಿಯವನ ಕಡೆ ಕೈ ತೋರಿಸಿದ. ಚಹಾದವನು ದೋಣಿ ಕಟ್ಟುವ ಬಡಗಿಯ ಕಡೆ ತೋರಿಸಿದ. ಬಡಗಿ ಸ್ವಲ್ಪ ಯೋಚಿಸಿ ಮುದುಕಿಯ ಕಡೆ ತೋರಿಸಿದ. ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಊರು ಅದು. ಎತ್ತು ಯಾರದು ಎಂದು ಯಾರೂ ಕೇಳಿರಲಿಲ್ಲ.

"ಕಥೆ ಆಮೇಲೆ ಬರ್ಕೊಳ್ಳಿ," ಎಂದಳು ಮುದುಕಿ. "ಹೊಟ್ಟೆ ಬಗೀರಿ."

ಅವಳಿಗೆ ಯಾಕೋ ಅವಸರ. ತಿಂಗಳಿಗೊಮ್ಮೆ ಪಕ್ಕದ ಬಂದರಿನಲ್ಲಿರುವ ತಂಗಿಯ ಮನೆಗೆ ಹೋಗಿ ಎರಡು ದಿನ ಇದ್ದು ಬರುವವಳು, ಈ ಸಲ ಭೂತದ ಹೆಣ ದಡಕ್ಕೆ ಬಿತ್ತೆಂದು ಕೇಳಿದ ಕೂಡಲೇ ಬಸ್ಸು ಹತ್ತಿದ್ದಳು. ತಂಗಿಗೆ ಸುದ್ದಿ ಹೇಳಬೇಕಂತೆ. ಬೆಳಗಿನ ಮೊದಲ ಬಸ್ಸಿಗೇ ವಾಪಸು ಬಂದು, ಮನೆಗೂ ಹೋಗದೆ ನೇರ ಇಲ್ಲಿಗೆ ಬಂದಿದ್ದಳು. ಊರಿನವರು ಎದ್ದು ಬರುವಷ್ಟರಲ್ಲಿ ಒಬ್ಬಳೇ ಭೂತಕ್ಕೆ ಒರಗಿ ಕೂತಿದ್ದಳು. ಮೊಣಕೈವರೆಗೂ ನಾರುತ್ತಿದ್ದಳು. ಹೆತ್ತ ಕರುಳು ಎಂದು ಹೆಂಗಸರು ಕಣ್ಣೊರೆಸಿಕೊಂಡರು.

ತಜ್ಞೆ ಚಾಕು ಹಾಕಿದಳು. ಹೊಟ್ಟೆಯೊಳಗಿನ ಅಂಬಲಿಯಂಥ ಕೊಳಕಿನ ನಡುವೆ ಏನೋ ಸಿಕ್ಕಿತು. ಎಳೆದಳು. ಚರ್ಮದ ಬೆಲ್ಟ್.

ಗುಂಪು ಎರಡಾಗಿ ಸೊಸೆಗೆ ದಾರಿ ಬಿಟ್ಟಿತು.

ಅವಳು ಬೆಲ್ಟನ್ನು ನೂಲಿನ ಉಂಡೆಯಿಂದಲೇ ಒರೆಸಿದಳು. ಮದುವೆಗೆ ಅವಳೇ ಕೊಟ್ಟಿದ್ದು. ಕಡ್ಡಿಯಂತಿದ್ದ ಗಂಡನ ಸೊಂಟದಲ್ಲಿ ನಿಲ್ಲದೆ ಜಾರುತ್ತಿತ್ತೆಂದು ದಬ್ಬಳದಲ್ಲಿ ಒಂದು ತೂತು ಹೆಚ್ಚಿಗೆ ಹಾಕಿಕೊಟ್ಟಿದ್ದಳು, ಸೊಟ್ಟಗೆ. ಆ ಸೊಟ್ಟ ತೂತು ಅಲ್ಲೇ ಇತ್ತು. ಅವಳ ಬೆರಳು ಅಲ್ಲಿಂದ ತುದಿಯವರೆಗೂ ಮೆಲ್ಲಗೆ ಹೋಗಿ ನಿಂತಿತು.

"ಇದು ಸಾಧ್ಯವೇ ಇಲ್ಲ," ಎಂದಳು ತಜ್ಞೆ. "ಇದರ ಗಂಟಲು ನೋಡಿ, ನನ್ನ ಮುಷ್ಟಿ ತೂರೋದೂ ಕಷ್ಟ. ನೀರಲ್ಲಿರೋ ಹುಡಿಯಂಥ ಹುಳ ತಿಂದು ಬದುಕೋ ಪ್ರಾಣಿ. ಮನುಷ್ಯನನ್ನ ಹೇಗೆ ನುಂಗುತ್ತೆ?"

"ಬೆಲ್ಟು ಕೈಯಲ್ಲಿದೆಯಲ್ಲ ಮೇಡಂ!" ಎಂದು ಊರಿಗೆ ಊರೇ ಕೂಗಿತು.

ಸೊಸೆ ಬಹಳ ಹೊತ್ತು ಅತ್ತೆಯ ಮುಖ ನೋಡಿದಳು. ಮುದುಕಿ ಕಡಲ ಕಡೆ ನೋಡುತ್ತಿದ್ದಳು.

"ನಮ್ಮವರದೇ," ಎಂದಳು ಸೊಸೆ, ಎಲ್ಲರಿಗೂ ಕೇಳುವಂತೆ. "ಭೂತಾನೇ ನುಂಗಿರೋದು." ಆಮೇಲೆ ಮೆಕ್ಯಾನಿಕ್ ಕಡೆ ತಿರುಗಿ, "ಭಾನುವಾರ ಮನೆಗೆ ಬನ್ನಿ, ಮಾತಾಡೋಣ," ಎಂದಳು. ಅವನ ಕೈಯಲ್ಲಿದ್ದ ಸ್ಪ್ಯಾನರ್ ಮರಳಿಗೆ ಬಿತ್ತು.

ಅತ್ತೆ ಸೊಸೆ ಮನೆಗೆ ಬಂದರು. ಸೊಸೆ ಬೆಲ್ಟನ್ನು ಸೋಪು ಹಾಕಿ ತೊಳೆದು, ಅಡುಗೆಮನೆಯ ಕಿಟಕಿಯ ಬೆಳಕಿಗೆ ಹಿಡಿದಳು. ತುದಿಯಲ್ಲಿ ಅವಳು ಹಾಕದಿದ್ದ ಮೂರು ಹೊಸ ತೂತುಗಳಿದ್ದವು, ಒಂದಕ್ಕಿಂತ ಒಂದು ಸಡಿಲಕ್ಕೆ. ಕೊನೆಯದರ ಆಚೆಗೆ ಚರ್ಮವೇ ಉಳಿದಿರಲಿಲ್ಲ. ಬಕ್ಕಲ್ಲು ಒತ್ತಿ ಒತ್ತಿ ಆಳವಾದ ಗೆರೆ ಬಿದ್ದಿದ್ದೂ ಅಲ್ಲೇ.

ಅವಳಿಗೆ ಅಳು ಬರಬೇಕಿತ್ತು, ಬರಲಿಲ್ಲ. ಆರು ವರ್ಷ ಅವಳು ತುತ್ತೆತ್ತುವಾಗಲೆಲ್ಲ ನೆನೆದಿದ್ದು ಈ ಹೊಟ್ಟೆಯನ್ನು.

"ಅತ್ತೆ, ಅಲ್ಲಿ ಅಡುಗೆ ಯಾರು ಮಾಡೋದು?" ಎಂದು ಕೇಳಿದಳು.

ಮುದುಕಿ ಕೈಯ ನಾತ ಹೋಗಲೆಂದು ಮತ್ತೊಮ್ಮೆ ಸೋಪು ಹಚ್ಚಿಕೊಂಡಳು.

"ನಿನ್ನಷ್ಟು ರುಚಿಯಾಗಿ ಮಾಡಲ್ಲ ಕಣೇ, ಬಿಡು."